ಕೊಲಂಬಿಯಾದ ರಾಣಿ ಪಟ್ಟ ಬಿಟ್ಟದ್ದು

ರೇಣುಕಾದೇವಿಯವರಿಗೆ 'ರಾಣಿ' ಎಂದು ಹೆಸರಿಟ್ಟವರು ಪ್ರೀತಿಯಿಂದೇನೂ ಇಡಲಿಲ್ಲ. ಅಮೆರಿಕದ ಕೊಲಂಬಿಯಾ ಊರಿನ ಕನ್ನಡ ಸಂಘಕ್ಕೆ ಇಪ್ಪತ್ತೊಂದು ವರ್ಷ ಅವರೇ ಅಧ್ಯಕ್ಷೆ. ಯಾರಾದರೂ ಅಂಗಡಿಯ ಸಿಹಿ ತಂದರೆ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿದ್ದರು. ಮಕ್ಕಳು ಸಿನಿಮಾ ಹಾಡಿಗೆ ಬಾಯಿ ತೆರೆದರೆ ಮೈಕು ಆರಿಸಿಬಿಡುತ್ತಿದ್ದರು. ಎಪ್ಪತ್ತಾರನೇ ಇಸವಿಯಲ್ಲಿ ಹನ್ನೊಂದು ಮನೆಯವರನ್ನು ತಮ್ಮ ಬೇಸ್‌ಮೆಂಟಿನಲ್ಲಿ ಕೂರಿಸಿ, ರೊಟ್ಟಿ ಬಡಿದು ಹಾಕಿ ಸಂಘ ಕಟ್ಟಿದವರೂ ಈ ಧಾರವಾಡದ ಹೆಂಗಸೇ. ಹೊಸಬರಿಗೆ ಅದು ಬೇಕಿರಲಿಲ್ಲ. ಉಂಡ ಮನೆಯ ಜಂತೆ ಎಣಿಸುವವರು ಎಲ್ಲಿಲ್ಲ ಹೇಳಿ!

ಹೊಸಬರೆಂದರೆ ವೀಸಾ ಹಿಡಿದು ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗರು. ಅವರ ಮುಂದಾಳು ಶಶಾಂಕ್. ತೊಂಬತ್ತೇಳರ ಯುಗಾದಿ ಸಭೆಯಲ್ಲಿ ರಾಣಿಯನ್ನು ಇಳಿಸಬೇಕೆಂದು ಆಫೀಸಿನ ಕಂಪ್ಯೂಟರಿನಿಂದಲೇ ಈಮೇಲು ಹರಿಯಬಿಟ್ಟ, ಅದಕ್ಕೆ 'ಕ್ರಾಂತಿ' ಎಂದು ಹೆಸರೂ ಇಟ್ಟ. ಕ್ರಾಂತಿಗೆ ಮನೆಯಲ್ಲೇ ಒಂದು ತೊಡಕಿತ್ತು, ಅವನ ಹೆಂಡತಿ ಶ್ರೀಲತಾ.

ಹಿಂದಿನ ವರ್ಷ ಶ್ರೀಲತಾಳ ಬಾಣಂತನಕ್ಕೆ ಅವಳ ತಾಯಿ ಬರಬೇಕಿತ್ತು. ವೀಸಾ ಸಿಗಲಿಲ್ಲ. ಸುದ್ದಿ ಕೇಳಿದ ರೇಣುಕಾದೇವಿ ಕರೆಯದೆಯೇ ಬಂದು ಬಾಗಿಲು ಬಡಿದರು. ನಲವತ್ತು ದಿನ ತಪ್ಪದೆ ಬಂದು ಎಣ್ಣೆ ಹಚ್ಚಿ ನೀರು ಹಾಕಿದರು, ಅಂಟಿನುಂಡೆ ತಿನ್ನಿಸಿದರು. ಅದರಲ್ಲಿ ಅರ್ಧ ಶಶಾಂಕನ ಹೊಟ್ಟೆ ಸೇರಿತು, ಆ ಮಾತು ಬೇರೆ. ಬಾಣಂತಿಯ ಕೂದಲಿಗೆ ಲೋಬಾನದ ಹೊಗೆ ಹಾಕಿದ ದಿನ ಅಪಾರ್ಟ್‌ಮೆಂಟಿನ ಸೂರಿನಲ್ಲಿದ್ದ ಬೆಂಕಿಯ ಅಲಾರಂ ಕಿರುಚಿಕೊಂಡಿತು. ರಾಣಿ ಸೆರಗು ಸಿಕ್ಕಿಸಿ, ಕುರ್ಚಿ ಹತ್ತಿ, ಟವೆಲು ಬೀಸುತ್ತ, "ಸುಮ್ಮನಿರೊ, ಕೂಸು ಮಕ್ಕೊಂಡೈತಿ!" ಎಂದು ಅಲಾರಮ್ಮನ್ನೇ ಗದರಿದರು. ಹೆರಿಗೆಯ ಹೊಲಿಗೆ ಇನ್ನೂ ಮಾಯದ ಶ್ರೀಲತಾ ನಗಲಾರದೆ ನಕ್ಕಳು. ಅವತ್ತಿನಿಂದ ಅವಳಿಗೆ ಅವರು ತಾಯಿಯೇ.

"ಆಂಟಿ ವಿರುದ್ಧ ನಾನಂತೂ ವೋಟ್ ಮಾಡಲ್ಲ," ಎಂದು ಗಂಡನಿಗೆ ಹೇಳಿದಳು.

"ಮಾಡ್ಬೇಡ ಬಿಡು. ಹಳಬರೇ ಜಾಸ್ತಿ ಇದಾರೆ, ಹೇಗೂ ಸೋಲ್ತೀವಿ," ಎಂದ ಶಶಾಂಕ್.

ಭಾನುವಾರ ಸ್ಕೂಲಿನ ಕೆಫೆಟೇರಿಯಾದಲ್ಲಿ ಸಭೆ. ಶ್ರೀಲತಾ ಇಂಥ ಸಭೆಗೆ ಬಂದದ್ದು ಅದೇ ಮೊದಲು. ಬೆಳಿಗ್ಗೆ ದೊಡ್ಡ ಪಾತ್ರೆ ಹೊತ್ತು ಬಂದ ರೇಣುಕಾದೇವಿ ಮೆಟ್ಟಿಲ ಮೇಲೆ ಕುಸಿದು ಕೂತದ್ದನ್ನು ನೋಡಿದಳು. ಪಾದಗಳು ಊದಿಕೊಂಡಿದ್ದವು.

ಊಟವಾದ ಮೇಲೆ ರೇಣುಕಾದೇವಿ ಎದ್ದು ನಿಂತು ಹೇಳಿದರು: "ನನಗ ಸಾಕಾತ್ರಿ. ಈ ಸಲ ಬ್ಯಾರೆಯವರು ಯಾರರೆ ಮಾಡ್ರಿ."

ಇದು ಅವರು ವರ್ಷವರ್ಷವೂ ಹೇಳುವ ಮಾತು. ಹಳಬರು "ಛೇ ಛೇ, ನೀವೇ ಆಗಬೇಕು" ಎನ್ನಬೇಕು. ಇವರು ಮೂರು ಸಲ ಒಲ್ಲೆ ಎಂದು, ನಾಲ್ಕನೆಯ ಸಲ ಒಪ್ಪಬೇಕು. ಬೇಡವೆಂದವರನ್ನು ಬಲವಂತ ಮಾಡದಿದ್ದರೆ ನಮ್ಮಲ್ಲಿ ಅದೆಂಥ ಮರ್ಯಾದೆ? ಹಳಬರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಶ್ರೀಲತಾ ಎದ್ದುಬಿಟ್ಟಳು.

"ಆಂಟಿ ಇಷ್ಟು ವರ್ಷ ನಮಗೋಸ್ಕರ ದುಡಿದಿದಾರೆ. ಅವರ ಕಾಲು ನೋಡಿ, ಎಷ್ಟು ಊದಿದೆ. ಸಾಕಾಯ್ತು ಅಂತ ಅವರೇ ಹೇಳ್ತಿದಾರೆ. ಪ್ಲೀಸ್, ರೆಸ್ಟ್ ತಗೊಳ್ಳೋಕೆ ಬಿಡೋಣ," ಎಂದು ಕಣ್ಣು ತುಂಬಿಕೊಂಡು ಚಪ್ಪಾಳೆ ತಟ್ಟಿದಳು.

ಕ್ರಾಂತಿಕಾರಿಗಳು ಒಂದು ಕ್ಷಣ ಕಕ್ಕಾಬಿಕ್ಕಿ. ಆಮೇಲೆ ಸೂರು ಹಾರುವಂತೆ ಚಪ್ಪಾಳೆ ಬಿತ್ತು. ಹಿರಿಯರೊಬ್ಬರು "ಅಲ್ಲ, ಮೇಡಂ..." ಎಂದು ಏಳಹೋದರು. ರೇಣುಕಾದೇವಿ ಕೈಯೆತ್ತಿ ತಡೆದರು. ಶ್ರೀಲತಾಳನ್ನೇ ನೋಡುತ್ತ "ಆತು" ಎಂದರು. ಎರಡು ನಿಮಿಷದಲ್ಲಿ ಶಶಾಂಕ್ ಅಧ್ಯಕ್ಷನಾದ.

"ಜೀನಿಯಸ್ ಕಣೇ ನೀನು! ಅದು ಅವರು ಪ್ರತಿ ವರ್ಷ ಸುಮ್ನೆ ಹೇಳೋ ಡೈಲಾಗು," ಎಂದು ಕಾರಿನಲ್ಲಿ ಅವನು ನಕ್ಕಾಗಲೇ ಶ್ರೀಲತಾಳಿಗೆ ತಾನು ಮಾಡಿದ್ದೇನೆಂದು ತಿಳಿದದ್ದು.

ಮರುದಿನ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಆಂಟಿಯ ಮನೆಗೆ ಹೋದಳು. ರೇಣುಕಾದೇವಿಯವರ ಪತಿ ಡಾಕ್ಟರ್ ಗುರುಸಿದ್ದಪ್ಪ ಬಾಗಿಲು ತೆರೆದು ಅಡುಗೆಮನೆಯ ಕಡೆ ಕೈತೋರಿಸಿದರು.

"ನಂಗೆ ಗೊತ್ತಿರಲಿಲ್ಲ ಆಂಟಿ. ನಿಜವಾಗ್ಲೂ ಸಾಕಾಗಿದೆ ಅಂದ್ಕೊಂಡೆ."

"ಗೊತ್ತೈತಿ ಬಿಡು."

"ಮತ್ತೆ ಯಾಕೆ ಸುಮ್ಮನಾದ್ರಿ? ಹಳಬರೆಲ್ಲ ನಿಮ್ ಕಡೆನೇ ಇದ್ರಲ್ಲ!"

ರೇಣುಕಾದೇವಿ ಮಗುವನ್ನು ತೊಡೆಗೆ ಎಳೆದುಕೊಂಡರು. "ನಿನ್ನ ಗಂಡ ಎದ್ದಿದ್ರ ಜಗಳಾ ತೆಗೀತಿದ್ದೆ. ಆ ಹುಡುಗರೆಲ್ಲಾ ಒಟ್ಟಿಗೆ ಎದ್ದಿದ್ರೂ ಗೆಲ್ತಿದ್ದೆ. ನೀ ಎದ್ದಿ. ಇಪ್ಪತ್ತೊಂದು ವರ್ಷದಾಗ ನನ್ನ ಕಾಲ ಕಡೆ ನೋಡಿದಾಕಿ ನೀ ಒಬ್ಬಾಕಿನ. ನಿನ್ನ ಮಾತು ಸುಳ್ಳು ಮಾಡಿ ಆ ಕುರ್ಚಿ ಮ್ಯಾಲ ಹೆಂಗ ಕೂಡಲಿ?"

ಶ್ರೀಲತಾ ಬಿಕ್ಕಿದಳು. ರೇಣುಕಾದೇವಿ ಸಮಾಧಾನ ಮಾಡಲಿಲ್ಲ. ಮಗುವಿನ ನೆತ್ತಿ ಸವರುತ್ತ ಮೆಲ್ಲಗೆ ಹೇಳಿದರು:

"ಆದ್ರ ನನಗ ಸಾಕಾಗಿದ್ದಿಲ್ಲವ್ವಾ. ಇನ್ನೂ ಬೇಕಾಗಿತ್ತು."