ಕೊಂಡಿಯ ಹೊಟ್ಟೆಕಿಚ್ಚು

1991ರ ಮಾರ್ಚ್ 12, ಬೆಳಗ್ಗೆ ಹತ್ತು ನಲವತ್ತಕ್ಕೆ ಅಲ್ಯೂಮಿನಿಯಂ ಸರಳೊಂದನ್ನು ಬಾಗಿಸಿ, ಬಾಯಿಗೆ ಸ್ಪ್ರಿಂಗು ಕೂರಿಸಿ, ಎಳೆದು ಪರೀಕ್ಷಿಸಿದರು. ಹಾಗೆ ನಾನು ಹುಟ್ಟಿದೆ. ನಾನು ಬಂಡೆ ಏರುವವರ ಹಗ್ಗದ ಕೊಂಡಿ. ಎರಡು ಟನ್ ಭಾರ ತಡೆಯಬಲ್ಲೆ. ತಡೆಯಲಾರದ್ದು ಹೊಟ್ಟೆಕಿಚ್ಚೊಂದೇ.

ಬಾದಾಮಿಯ ಸಾಹಸ ಶಿಬಿರದಲ್ಲಿ ಒಂಬತ್ತನೆಯ ತರಗತಿಯ ದಾನಮ್ಮ ಎಲ್ಲರಿಗಿಂತ ಮೊದಲು ಬಂಡೆಯ ತಲೆ ಮುಟ್ಟಿದಳು. ಕಲಿಸಿದವರು ತಮ್ಮ ಸೊಂಟದಿಂದ ನನ್ನನ್ನು ಬಿಚ್ಚಿ ಅವಳಿಗೆ ಕೊಟ್ಟರು. ಅವಳು ನನ್ನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಇನ್ನು ಇವಳು ನನ್ನವಳು ಎಂದುಕೊಂಡೆ.

ಆದರೆ ನನ್ನ ಜಾಗ ಏರುವವರ ಜೊತೆಯಲ್ಲಿಲ್ಲ, ಕೆಳಗೆ ನಿಂತು ಹಗ್ಗ ಹಿಡಿಯುವವರ ಸೊಂಟದಲ್ಲಿ. ಏರುವವರ ಹಗ್ಗ ನನ್ನೊಳಗಿಂದಲೇ ಹಾಯುತ್ತದೆ. ಅವಳ ಹಗ್ಗ ಹಿಡಿಯುತ್ತಿದ್ದವನು ಪಕ್ಕದ ಓಣಿಯ ದರ್ಜಿ ಮೌನೇಶ. ಅವಳ ಆಯುಷ್ಯವನ್ನೆಲ್ಲ ನಾನು ಅಲ್ಲಿಂದಲೇ ನೋಡಿದೆ: ಮೊದಲು ಅವಳ ಹಿಮ್ಮಡಿ, ಅದರಾಚೆ ಆ ಕೆಂಪು ಬಂಡೆ. ಬೆರಳಿಡುವ ಮುನ್ನ ಬಿರುಕಿನ ಧೂಳನ್ನು ಊದುತ್ತಿದ್ದಳು, ಮಗುವಿನ ಕಣ್ಣಿಗೆ ಊದುವಂತೆ. ನನಗೆ ಯಾವತ್ತೂ ಊದಲಿಲ್ಲ.

ದಾನಮ್ಮ ವಿಜ್ಞಾನ ಶಿಕ್ಷಕಿಯಾದಳು, ಮದುವೆಯಾದಳು, ಹಡೆದಳು. ಭಾನುವಾರ ಮಾತ್ರ ಬಂಡೆಯದ್ದೇ.

“ಅಕ್ಕಾ, ಕಲ್ಲಿಗೆ ಹಿಂಗ ಅಪ್ಪಿಕೊಂಡ್ರ ಮಾಮಾ ಏನ್ ಅಂದಾರು?” ಎಂದು ಮೌನೇಶ ಕೆಳಗಿನಿಂದ ಕೂಗುತ್ತಿದ್ದ.

“ಏನಂತಾರ? ಇದು ಲಗ್ನಕ್ಕಿಂತ ಮೊದಲಿನ ಸಂಬಂಧ ಅಂತ ಅವ್ರಿಗೂ ಗೊತ್ತೈತಿ. ನೀ ಹಗ್ಗ ನೋಡ್ಕೋ!”

ಬಂಡೆಯ ಮೇಲ್ಭಾಗದಲ್ಲಿ ಮುಂದಕ್ಕೆ ಚಾಚಿದ ಮೂತಿಯೊಂದಿತ್ತು. ಅದನ್ನು ದಾಟಲಾಗದೆ ಅವಳು ಇಪ್ಪತ್ತು ವರ್ಷ ಬೀಳುತ್ತಲೇ ಇದ್ದಳು. ಪ್ರತಿ ಸಲ ಹಿಡಿದದ್ದು ನಾನು. ಹೊಗಳಿಸಿಕೊಂಡದ್ದು ಮಾತ್ರ ಬಂಡೆ: “ಏನ್ ಕಲ್ಲೋ ಮೌನ್ಯಾ ಇದು!”

ಭುಜ ಇನ್ನು ತಾಳದೆಂದು ಡಾಕ್ಟರು ಹೇಳಿದ ಮೇಲೆ, ಕೊನೆಯ ಸಲ ಆ ಮೂತಿಯನ್ನು ಬೀಳದೆ ದಾಟಬೇಕೆಂದು ಬಂದಳು. ನನಗೂ ಒಂದೇ ಆಸೆ: ಆ ದಿನ ನಾನಿರಬೇಕು.

ಏರುವ ಮುನ್ನ ಒಬ್ಬರ ಗಂಟು, ಕೊಂಡಿಗಳನ್ನು ಇನ್ನೊಬ್ಬರು ಮುಟ್ಟಿ ನೋಡುವುದು ಪದ್ಧತಿ. ಅವಳ ಹೆಬ್ಬೆರಳು ನನ್ನೊಳಗೆ ಸವೆದ ಹಳ್ಳದಲ್ಲಿ ನಿಂತಿತು.

“ಇದು ಸವದೈತೋ, ತಗಿ.”

“ಇವತ್ತೊಂದಿನ ಇರ್ಲಿ ಅಕ್ಕಾ. ಲಕ್ಕಿ ಐತಿದು.”

“ಅಂಚು ಚೂಪಾಗೇತಿ, ಹಗ್ಗ ಕೊಯ್ತೈತಿ. ಲಕ್ಕಿ ಏನ್ ಹಿಡೀತೈತಿ ನನ್ನ? ತಗಿ ಅಂದೆ.”

ನನ್ನ ಜಾಗದಲ್ಲಿ ಮಿರಿಮಿರಿ ನೀಲಿ ಕೊಂಡಿಯೊಂದು ಕೂತಿತು. ನಾನು ಚೀಲದ ಮೇಲೆ ಬಿದ್ದುಕೊಂಡು ನೋಡಿದೆ. ಮೂತಿಯ ಕೆಳಗೆ ಅವಳ ಕಾಲು ಜಾರಿತು. ಒಂದು ಕೈಯಲ್ಲಿ ತೂಗಾಡಿದಳು. ಕೈ ಬಿಡಲಿಲ್ಲ. ದಾಟಿದಳು. ಮೌನೇಶ ಅತ್ತುಬಿಟ್ಟ. ಹೊಸ ಕೊಂಡಿಗೆ ಅವಳನ್ನು ಕೆಳಗಿಳಿಸುವ ಕೆಲಸವಷ್ಟೇ ಸಿಕ್ಕಿತು, ಬೀಳುವವಳನ್ನು ಹಿಡಿಯುವ ಭಾಗ್ಯ ಸಿಗಲಿಲ್ಲ. ನನಗೆ ಅಷ್ಟೇ ಸಮಾಧಾನ.

ಈಗ ಅವಳ ಶಾಲೆಯ ಪ್ರಯೋಗಾಲಯದಲ್ಲಿದ್ದೇನೆ. “ಇದನ್ನ ಕೊರದದ್ದು ಹಗ್ಗ ಅಲ್ಲ, ಹಗ್ಗಕ್ಕ ಅಂಟಿದ ಬಂಡೆಗಲ್ಲಿನ ಮರಳು” ಎಂದು ಅವಳು ಮಕ್ಕಳಿಗೆ ಹೇಳುತ್ತಾಳೆ. ಅಂದರೆ ಆ ಬಂಡೆ ಕಣಕಣವಾಗಿ ಇಳಿದು ಬಂದು ನನ್ನನ್ನು ತಿಂದಿದೆ. ಆದರೆ ಸವೆದ ನನ್ನ ಲೋಹವೂ ಹಗ್ಗವನ್ನು ಕಪ್ಪಾಗಿಸಿತು, ಹಗ್ಗದಿಂದ ಅವಳ ಅಂಗೈಗೆ, ಅಂಗೈಯಿಂದ ಬಂಡೆಗೆ ಹತ್ತಿತು. ಅವಳು ಹಿಡಿದಲ್ಲೆಲ್ಲ ಒಂದಿಷ್ಟು ನಾನೂ ಇದ್ದೇನೆ. ಬಂಡೆಯನ್ನು ಇನ್ನೂ ಕ್ಷಮಿಸಿಲ್ಲ.

ಮಕ್ಕಳು ವರ್ನಿಯರ್ ಹಿಡಿದು ಅಳೆದರು. ಹಳ್ಳದ ಆಳ 1.8 ಮಿಲಿಮೀಟರ್.