ಗೋಡೆಯ ಈಚೆಗೊಂದು ಜಾಕ್ ಸ್ಟ್ಯಾಂಡು

ಒಂದಾನೊಂದು ಊರಿನಲ್ಲಿ ಬೆಂಕಿಯ ಹೊಟ್ಟೆಯಿಂದ ಅವಳಿಗಳು ಹುಟ್ಟಿದವು. ಅಜ್ಜಿಯ ಕಥೆಯಾಗಿದ್ದರೆ ಅವು ರಾಜಕುಮಾರರಾಗಿ ಏಳು ಸಮುದ್ರ ದಾಟಿ ಹೋಗುತ್ತಿದ್ದವು. ಆದರೆ ಊರು ದಾವಣಗೆರೆ, ಬೆಂಕಿ ಇಮಾಮಸಾಬರ ವೆಲ್ಡಿಂಗ್ ಅಂಗಡಿಯದು. ಆ ಅವಳಿಗಳಲ್ಲಿ ಒಂದು ನಾನು. ನಾನೊಂದು ಜಾಕ್ ಸ್ಟ್ಯಾಂಡು.

ನನಗೆ ನಾಲ್ಕು ಕಾಲು, ನಡುವೆ ಒಂದು ಕೊಳವೆ. ಕೊಳವೆಯೊಳಗಿನ ಕಂಬಿಯನ್ನು ಬೇಕಾದ ಎತ್ತರಕ್ಕೆ ಎಳೆದು ದಪ್ಪ ಪಿನ್ನು ತೂರಿಸಿದರೆ ಮುಗಿಯಿತು, ನಾನು ಅಲುಗುವವನಲ್ಲ. ನೆತ್ತಿಯ ಮೇಲೆ ಬಟ್ಟಲಿನಂಥ ತಗ್ಗು. ಅದರಲ್ಲಿ ಕಾರು ಕೂರಬೇಕು. ನನ್ನ ಜೋಡಿಯೂ ಹಾಗೆಯೇ, ಅಚ್ಚೊತ್ತಿದಂತೆ.

ನಮ್ಮನ್ನು ಮಾಡಿಸಿದವರು ನಿಜಗುಣಪ್ಪನವರು. ಅವರ ಹಳೆಯ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ತುಕ್ಕು ತಿಂದು ಅಂಗೈಯಗಲ ತೂತು ಬಿದ್ದಿತ್ತು. ಹಿರಿಯ ಸೊಸೆ ದಾಕ್ಷಾಯಣಿ ಆ ತೂತಿನ ಮೇಲೊಂದು ಹಲಗೆ ಹಾಕಿಕೊಂಡು, ಕಾಲು ಮುದುಡಿ ಕೂರುತ್ತಿದ್ದಳು. ಮಳೆಯಲ್ಲಿ ಹೋದರೆ ಕೆಸರು ಚಿಮ್ಮಿ ಸೀರೆಯೆಲ್ಲ ಹಾಳು. ತಗಡು ಬಡಿದು ಅದನ್ನು ತಾನೇ ಮುಚ್ಚಿಕೊಡುತ್ತೇನೆಂದು ಮಾವ ಸೊಸೆಗೆ ಮಾತು ಕೊಟ್ಟಿದ್ದರು. ನಾವು ಹುಟ್ಟಿದ್ದೇ ಆ ಮಾತಿಗಾಗಿ.

ಮೊದಲ ದಿನ ಅವರು ಇಬ್ಬರು ಮಕ್ಕಳನ್ನೂ ಅಂಗಳಕ್ಕೆ ಕರೆದರು. ಹಿರಿಯ ಹಾಲೇಶ, ಕಿರಿಯ ಕೊಟ್ರೇಶ. ಮಣ್ಣಿನ ಮೇಲಲ್ಲ, ಸಿಮೆಂಟಿನ ಸಮನೆಲದ ಮೇಲೆ ಕಾರು ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಮುಂದೊಂದು ಹಿಂದೊಂದು ಕಲ್ಲು ಕೊಟ್ಟರು. ಜಾಕಿನಿಂದ ಮುಂಭಾಗ ಎತ್ತಿ, ತಳದ ಗಟ್ಟಿ ಪಟ್ಟಿ ಹುಡುಕಿ, ಆಚೆಗೊಂದು ಈಚೆಗೊಂದು ನಮ್ಮನ್ನಿಟ್ಟು ಮೆಲ್ಲಗೆ ಇಳಿಸಿದರು. ಅಬ್ಬ, ಆ ಭಾರ! ನೆಲಕ್ಕೆ ಬೇರು ಬಿಟ್ಟಂತಾಯಿತು ನನಗೆ.

"ಜಾಕು ಎತ್ತಾಕಷ್ಟೇ. ಹೊರೋವು ಇವು," ಎಂದರು. "ಕೆಳಗೆ ತೂರೋಕಿಂತ ಮೊದಲು ಗಾಡಿ ಅಲ್ಲಾಡಿಸಿ ನೋಡ್ರಿ. ಬೀಳೋದಿದ್ರೆ ಆಗ್ಲೇ ಬೀಳ್ಲಿ."

ಅಂದು ಬ್ರೇಕಿನ ಕೆಲಸವಷ್ಟೇ ಆಯಿತು. ತಗಡು ತರುವ ಮೊದಲೇ ನಿಜಗುಣಪ್ಪನವರು ತೀರಿಕೊಂಡರು.

ಆಮೇಲೆ ಪಾಲು. ಮನೆ ಎರಡಾಯಿತು, ಹಂಡೆ ತಪ್ಪಲೆ ಎರಡಾದವು, ಕೊನೆಗೆ ನಾವೂ ಎರಡಾದೆವು. ನನ್ನೊಬ್ಬನಿಂದ ಕಾರು ನಿಲ್ಲದು, ನನ್ನ ಜೋಡಿಯೊಂದರಿಂದಲೂ ನಿಲ್ಲದು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಪಾಲೆಂದರೆ ಪಾಲು. ಕಾರಿನ ಜೊತೆ ನಾನು ಹಾಲೇಶನಿಗೆ ಬಂದೆ, ಅಂಗಳದ ನಡುವೆ ಗೋಡೆ ಎದ್ದಿತು. ಅಣ್ಣ ತಮ್ಮಂದಿರ ಮಾತು ನಿಂತೇಹೋಯಿತು.

ನನಗೆ ಸಿಕ್ಕ ಕೆಲಸ, ಗೇಟು ಗಾಳಿಗೆ ಬಡಿಯದಂತೆ ತಡೆಯುವುದು. ಆಚೆ ನನ್ನ ಜೋಡಿಯ ನೆತ್ತಿಗೆ ಹಲಗೆ ಇಟ್ಟು, ಅದರ ಮೇಲೆ ಮಲ್ಲಿಗೆಯ ಕುಂಡ ಕೂರಿಸಿದ್ದರು. ದಿನಾ ಬೆಳಗ್ಗೆ ಕುಂಡಕ್ಕೆ ನೀರು ಹಾಕುವ ಸದ್ದು ಕೇಳುತ್ತಿತ್ತು. ಓ, ಇದ್ದಾನೆ ಅಂದುಕೊಳ್ಳುತ್ತಿದ್ದೆ. ನೀರಿನ ಸದ್ದು ಕೇಳದ ದಿನ ಗೇಟಿನ ಕಿರುಗುಟ್ಟುವಿಕೆಯೂ ಬೇಡವೆನಿಸುತ್ತಿತ್ತು. ಹೊರಲೆಂದೇ ಹುಟ್ಟಿದವನ ನೆತ್ತಿ ಖಾಲಿಯಿರುವುದು ಎಂಥ ಸಂಕಟವೆಂದು ಯಾರಿಗೆ ಹೇಳಲಿ? ಮಳೆ ಬಂದರೆ ನೆತ್ತಿಯ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು. ಗುಬ್ಬಿಯೊಂದು ಬಂದು ಕುಡಿದು ಹೋಗುತ್ತಿತ್ತು, ಅಷ್ಟೇ.

ವರ್ಷಗಳು ಉರುಳಿದವು. ದಾಕ್ಷಾಯಣಿಯ ಮಂಡಿ ನೋವು ಹೆಚ್ಚಿ, ಹಲಗೆಯ ಮೇಲೆ ಕಾಲು ಮುದುಡುವುದೇ ಆಗದಾಯಿತು. ಅಪ್ಪನ ಮಾತು ತಾನು ನಡೆಸುತ್ತೇನೆಂದು ಹಾಲೇಶ ಒಂದು ಭಾನುವಾರ ಮಧ್ಯಾಹ್ನ ತಗಡು ತಂದ. ನೆಲ, ಕಲ್ಲು, ಜಾಕು, ಎಲ್ಲ ಅಪ್ಪ ಮಾಡಿದಂತೆಯೇ ಮಾಡಿದ. ಒಂದು ಕಡೆ ನನ್ನನ್ನಿಟ್ಟ. ತೂತಿದ್ದ ಕಡೆಗೆ, ಅಗಲವಾಗಿ ಗಟ್ಟಿಯಾಗಿರಲೆಂದು, ಗೋಡೆ ಕಟ್ಟಿ ಉಳಿದಿದ್ದ ಟೊಳ್ಳು ಸಿಮೆಂಟ್ ಇಟ್ಟಿಗೆಗಳನ್ನು ಪೇರಿಸಿದ. ಆ ಬದಿಯ ಗಾಲಿಯನ್ನೂ ಬಿಚ್ಚಿದ.

ಬೇಡ ಎನ್ನಲು ನನಗೆ ಬಾಯಿಲ್ಲ.

ಗೋಣಿಚೀಲ ಹಾಸಿ ಮಲಗಿ, ಅವನು ತಲೆಯನ್ನು ಒಳಕ್ಕೆ ಸರಿಸಿಯೇಬಿಟ್ಟಿದ್ದ. ಬಾಗಿಲಲ್ಲಿ ಕೂತಿದ್ದ ದಾಕ್ಷಾಯಣಿ ಅಂದಳು, "ಮಾವ್ನೋರು ಅಲ್ಲಾಡಿಸಿ ನೋಡ್ತಿದ್ರು."

ಗೊಣಗುತ್ತ ಎದ್ದು ಬಂದ. ಕಾರಿಗೆ ಕೈಯಾನಿಸಿ ದಬ್ಬಿದ.

ಇಟ್ಟಿಗೆ ಹಪ್ಪಳದಂತೆ ಪುಡಿಯಾಯಿತು. ಆ ಕಡೆ ಇಡೀ ಕಾರು ದಢಾರೆಂದು ಕೂತಿತು. ನನ್ನ ಒಂದು ಕಾಲು ನೆಲ ಬಿಟ್ಟಿತು, ಆದರೂ ಬೀಳಲಿಲ್ಲ ನಾನು. ಧೂಳು ಅಡಗಿದಾಗ ಗೋಣಿಚೀಲದಲ್ಲಿ ಅವನ ತಲೆಯಿದ್ದ ಜಾಗ ಕಾರಿನ ಅಡಿ ಸಿಕ್ಕಿಕೊಂಡಿತ್ತು.

ಗೋಡೆಯ ಮೇಲೆ ಕೊಟ್ರೇಶನ ಮುಖ ಕಂಡಿತು.

"ಅಣ್ಣ, ಗಾಡಿ ಕೆಳಗೆ ಅದೀಯೇನು?"

"ಇಲ್ಲಲೇ. ಹೊರಗದೀನಿ."

ಕೊಟ್ರೇಶ ಗೋಡೆಗೆ ಹಣೆ ಹಚ್ಚಿಕೊಂಡ. ಆಮೇಲೆ ಇಟ್ಟಿಗೆಯ ಪುಡಿ ನೋಡಿ, "ಅಪ್ಪನ ಮಾತೂ ಅರ್ಧಾನೇ ಬಂತೇನು ನಿನ್ ಪಾಲಿಗೆ?" ಅಂದ.

ಹಾಲೇಶ ಮೈಮೇಲಿನ ಧೂಳು ಕೊಡವಿಕೊಂಡ. ಅಷ್ಟರಲ್ಲಿ ಕೊಟ್ರೇಶ ಕುಂಡ ಇಳಿಸಿ, ನನ್ನ ಜೋಡಿಯನ್ನು ಎತ್ತಿಕೊಂಡು ಗೇಟು ದಾಟಿ ಬಂದ. ಅದರ ಮೈಗೆಲ್ಲ ಕೆಮ್ಮಣ್ಣು, ನನ್ನ ಮೈಗೆಲ್ಲ ತುಕ್ಕು. ಕಾರನ್ನು ಮತ್ತೆ ಎತ್ತಿ ನಮ್ಮನ್ನು ಎದುರುಬದುರು ನಿಲ್ಲಿಸಿದರು. ಇಬ್ಬರೂ ಸೇರಿ ಅಲ್ಲಾಡಿಸಿದರು. ಕಾರು ಕದಲಲಿಲ್ಲ. ಆ ಮಧ್ಯಾಹ್ನವೆಲ್ಲ ನಾವು ಹೊತ್ತೆವು. ಅಡಿಯಲ್ಲಿ ಅಣ್ಣ ತಮ್ಮ ತಗಡು ಬಡಿದರು. "ಸುತ್ತಿಗೆ ಕೊಡು" ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಅಷ್ಟು ಹತ್ತಿರ ನನ್ನ ಜೋಡಿಯನ್ನು ಮತ್ತೆ ನೋಡುತ್ತೇನೆಂದು ನಾನು ಎಣಿಸಿರಲಿಲ್ಲ.

ಸಂಜೆ ಕಾರು ನೆಲಕ್ಕಿಳಿಯಿತು. ನನ್ನನ್ನು ಗೇಟಿನ ಪಕ್ಕಕ್ಕಿಟ್ಟರು. ಕೊಟ್ರೇಶ ತನ್ನ ಪಾಲಿನದನ್ನು ಕೂಸಿನಂತೆ ಸೊಂಟಕ್ಕೇರಿಸಿಕೊಂಡ. "ಮಲ್ಲಿಗಿ ಕುಂಡ ಕೆಳಗೈತಿ," ಅಂದ. ಎರಡು ಹೆಜ್ಜೆ ಹೋದವನು ನಿಂತು, "ಮತ್ತೆ ಎತ್ತೋದಿದ್ರೆ ಕೂಗು" ಅಂದ.

ಆದರೂ ಹೋಗಲಿಲ್ಲ. ಗೇಟಿನಲ್ಲೇ ನಿಂತು ನೋಡುತ್ತಿದ್ದ.

ದಾಕ್ಷಾಯಣಿ ಕಾರಿನೊಳಗೆ ಕೂತಳು. ಹಲಗೆಯನ್ನು ತೆಗೆದು ಹೊರಗೆ ಚಾಚಿದಳು; ಹಾಲೇಶ ಅದನ್ನು ತಂದು ನನ್ನ ನೆತ್ತಿಯ ಮೇಲಿಟ್ಟ. ಅವಳು ಚಪ್ಪಲಿ ಬಿಚ್ಚಿ, ಕಾಲು ನಿಧಾನಕ್ಕೆ ನೀಡಿ, ಎರಡೂ ಪಾದಗಳನ್ನು ಹೊಸ ತಗಡಿನ ಮೇಲೆ ಪೂರ್ತಿ ಊರಿದಳು.