ಕಂಬಳಿ ಸುತ್ತಿದ ಸಿಲಿಂಡರು

ಜುಂಜಯ್ಯನಿಗೆ ಸರ್ಕಾರಿ ನೌಕರಿ ಸಾಕಾಗಿ ಹೋಗಿತ್ತು. ಸಾಕು ಅಂದರೆ ಅಂತಿಂಥ ಸಾಕಲ್ಲ, ಗಂಟಲಮಟ್ಟ ಬಂದಿತ್ತು. ಅಗ್ನಿಶಾಮಕ ಇಲಾಖೆ ಸೇರಿ ಹದಿನೇಳು ವರ್ಷ. ಬೆಂಗಳೂರಿನಲ್ಲಿ ಆರು ತಿಂಗಳು ತರಬೇತಿ, ಹೊಗೆ ತುಂಬಿದ ಕೋಣೆಯಲ್ಲಿ ತೆವಳಿದ್ದೇನು, ಏಣಿ ಹತ್ತಿದ್ದೇನು! ಇಷ್ಟೆಲ್ಲ ಆಗಿ ೧೯೭೪ರ ಹೊತ್ತಿಗೆ ಅವನ ಪಾಲಿಗೆ ಉಳಿದದ್ದು ಟೆಂಟ್ ಸಿನಿಮಾಗಳಿಗೆ ಹೋಗಿ ಮರಳಿನ ಬಕೆಟ್ಟು ಎಣಿಸುವ ಕೆಲಸ. ಅದಕ್ಕೂ ಜೀಪಿಲ್ಲ. ಜೀಪು ಬೆಂಕಿ ಬಿದ್ದಾಗ ಮಾತ್ರವಂತೆ. ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವವನು ಬಸ್ಸಿನಲ್ಲಿ ಹೋಗಬೇಕಂತೆ. ಯೂನಿಫಾರಂ ಒಂದೇ ಜೊತೆ. ಎರಡನೆಯದು ಎರಡು ವರ್ಷದಿಂದ 'ಬರುತ್ತಾ ಇದೆ'. ಹಾಗಾಗಿ ಅವನು ಮಾಮೂಲಿ ಅಂಗಿ ಪಂಚೆಯಲ್ಲಿ ಬಸ್ಸು ಹತ್ತಿ, ಊರು ತಲುಪಿದ ಮೇಲೆ ಎಲ್ಲೋ ಒಂದು ಮರೆಯಲ್ಲಿ ಯೂನಿಫಾರಂ ಏರಿಸಿಕೊಳ್ಳುತ್ತಿದ್ದ.

ಇಂಥ ಹೊತ್ತಿನಲ್ಲಿ ದುರ್ಗದ ಓಬಳೇಶಪ್ಪ ಮನೆಗೇ ಬಂದು ಕೆಲಸ ಕೊಡುತ್ತೇನೆ ಅಂದಿದ್ದ. ಜ್ವಾಲಾಶಾಂತಿ ಏಜೆನ್ಸಿ ಅಂತ ಅವನದೊಂದು ಅಂಗಡಿ. ಹತ್ತಿ ಮಿಲ್ಲು, ಎಣ್ಣೆ ಮಿಲ್ಲು, ಟೆಂಟ್ ಸಿನಿಮಾಗಳಿಗೆ ಬೆಂಕಿ ಆರಿಸುವ ಸಿಲಿಂಡರು, ಅಪಾಯದ ಗಂಟೆ ಇವನ್ನೆಲ್ಲ ಒದಗಿಸುವವನು. "ನಿಮ್ಮಂಥ ತಿಳಿದೋರು ನಮಗೆ ಬೇಕ್ರಿ ಜುಂಜಯ್ಯನವ್ರೆ. ಮೋಟಾರ್ ಸೈಕಲ್ ಕೊಡ್ತೀನಿ. ಶುಕ್ರವಾರದೊಳಗೆ ಹೂಂ ಅನ್ರಿ" ಅಂದಿದ್ದ. 'ತಿಳಿದೋರು' ಅಂತ ಜುಂಜಯ್ಯನನ್ನು ಹದಿನೇಳು ವರ್ಷದಲ್ಲಿ ಇಲಾಖೆಯ ಒಬ್ಬನೂ ಕರೆದಿರಲಿಲ್ಲ. ಹೂಂ ಅನ್ನುವುದೇ ಅಂತ ಅವನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ. ಹೆಂಡತಿ ಮುದ್ದಕ್ಕ ಆಗಲೇ ಬೀದಿಗೆಲ್ಲ ಹೇಳಿ ಮುಗಿಸಿದ್ದಳು.

ಅಷ್ಟರಲ್ಲಿ ಇಲಾಖೆಯ ಹೊಸ ಹುಕುಂ ಬಂತು. ತಿಂಗಳಿಗೊಂದು ಟೆಂಟಿನಂತೆ ಮಾಡುತ್ತಿದ್ದ ವರ್ಷದ ತಪಾಸಣೆಯನ್ನು ಈ ಸಲ ಒಂದೇ ವಾರದಲ್ಲಿ ಮುಗಿಸಬೇಕು. ಮೊದಲೇ ಟೆಂಟಿನವರಿಗೆ ತಾರೀಖು ತಿಳಿಸಿ ಕಾರ್ಡು ಹಾಕಬೇಕು, ಅದು ಹಳೇ ನಿಯಮ. ಕಳ್ಳನಿಗೆ ಕಾಗದ ಬರೆದು ಹಿಡಿಯಲು ಹೋಗುವ ಈ ನಿಯಮವನ್ನು ಮಾಡಿದ ಪುಣ್ಯಾತ್ಮ ಯಾರೋ!

ಸೋಮವಾರ ಹಿರಿಯೂರು. ತೆಂಗಿನ ಗರಿಯ ಗೋಡೆ, ಮೇಲೆ ಬಟ್ಟೆಯ ಚಾವಣಿ, ಒಳಗೆ ಐನೂರು ಜನ ಕೂತು ಬೀಡಿ ಸೇದುವ ಜಾಗ. ಜುಂಜಯ್ಯ ಬಕೆಟ್ಟು ಎಣಿಸಿದ, ಮರಳಿಗೆ ಕೈಹಾಕಿ ನೋಡಿದ. ಕಂಬದಲ್ಲಿ ಕೆಂಪು ಸಿಲಿಂಡರು ನೇತಾಡುತ್ತಿತ್ತು. ಅದರ ಹೊಟ್ಟೆಯ ಮೇಲೆ ಸುಣ್ಣದ ಮೂರು ಗೀರು. "ಆಯುಧ ಪೂಜೇಲಿ ಹಚ್ಚಿದ್ದು ಸಾರ್" ಅಂದ ಟೆಂಟಿನವನು. ಜುಂಜಯ್ಯ ಸೈನ್ ಹಾಕಿದ. ಮಂಗಳವಾರ ಹೊಸದುರ್ಗ. ಅಲ್ಲಿನ ಸಿಲಿಂಡರಿಗೂ ಸುಣ್ಣದ ಮೂರು ಗೀರು. ಇವರೂ ದೈವಭಕ್ತರೇ ಅಂದುಕೊಂಡು ಅಲ್ಲೂ ಸೈನ್ ಹಾಕಿದ. ಸಿಲಿಂಡರನ್ನು ಇಳಿಸಿ ಪರೀಕ್ಷೆ ಮಾಡುವ ಆಸೆ ಅವನಿಗಿಲ್ಲದೆ ಇರಲಿಲ್ಲ. ಇಲಾಖೆಗೆ ಸೇರಿದ ಹೊಸದರಲ್ಲಿ ಒಂದು ಕಡೆ ಹಾಗೆ ಮಾಡಿದ್ದಕ್ಕೆ, ಖಾಲಿ ಮಾಡಿದರೆ ಮತ್ತೆ ತುಂಬಿಸುವವರು ಯಾರು ಅಂತ ಮೇಲಿನವರು ಅವನ ಮೇಲೇ ಮೆಮೊ ಜಾರಿ ಮಾಡಿದ್ದರು.

ಬುಧವಾರ ಹೊಳಲ್ಕೆರೆ. ಅಲ್ಲಿ ಅವನ ತಾಯಿ ಗಂಗಕ್ಕ ಮಗಳ ಮನೆಯಲ್ಲಿದ್ದಳು. ಅವಳಿಗೆ ಸಿನಿಮಾ ಅಂದರೆ ಪ್ರಾಣ. ಸಂತೆಯ ದಿನ ಮೊದಲ ಆಟಕ್ಕೆ ಎರಡನೇ ಕಂಬದ ಬುಡದಲ್ಲಿ, ನೆಲದ ಕ್ಲಾಸಿನಲ್ಲಿ ಅವಳು ಕೂರಲೇಬೇಕು.

ಬೆಳಗ್ಗೆ ಹೊಸದುರ್ಗದಲ್ಲಿ ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಪಕ್ಕದಲ್ಲಿ ಕೂತ ಮುದುಕ ಕಂಬಳಿ ಸುತ್ತಿದ ಏನನ್ನೋ ಕಾಲಬಳಿ ಇಟ್ಟುಕೊಂಡಿದ್ದ. ಕಂಡಕ್ಟರು ನಗುತ್ತಾ, "ಏನ್ ಚಿತ್ತಯ್ಯ, ಹೊರಟ್ತಾ ನಿನ್ ಕೂಸು?" ಅಂದ.

"ಅದ್ರ ಮ್ಯಾಲೇ ಕಾಲಿಟ್ಕಳ್ರಿ ಸ್ವಾಮಿ, ಏನೂ ಆಗಲ್ಲ" ಅಂದ ಚಿತ್ತಯ್ಯ. ಜುಂಜಯ್ಯ ಆರಾಮಾಗಿ ಕಾಲಿಟ್ಟ. ಅರ್ಧ ದಾರಿಯಲ್ಲಿ ಬಸ್ಸು ಗುಂಡಿಗೆ ಇಳಿದು ಎದ್ದಾಗ ಕಂಬಳಿ ಸರಿಯಿತು. ಕೆಂಪು ಬಣ್ಣ. ಸುಣ್ಣದ ಮೂರು ಗೀರು. ಜುಂಜಯ್ಯ ಕಾಲು ಹಿಂದಕ್ಕೆಳೆದುಕೊಂಡ.

"ಏನಜ್ಜ ಇದು?"

"ಬೆಂಕಿ ಆರ್ಸೋ ಸಿಲಿಂಡ್ರು. ಎಂಟು ವರ್ಷದಿಂದ ಇದ್ನ ಹೊತ್ಕಂಡು ತಿರುಗ್ತಿದೀನಿ. ಆಫೀಸರು ಬರೋಕೆ ಮುಂಚೆ ನೇತಾಕೋದು, ಹೋದ್ಮ್ಯಾಲೆ ಇಳ್ಸೋದು. ಆತ ಬಂದಾಗ ನಾನು ಅಲ್ಲಿರಬಾರ್ದು, ಮುಖ ತೋರಿಸ್ಬಾರ್ದು ಅಂತ ನಮ್ ಓಬಳೇಶಪ್ಪ ಸಾಹುಕಾರ್ರು ಹೇಳ್ಯಾರೆ. ಮೂರು ಟೆಂಟಿಗೂ ಇದೊಂದೇ. ಇಷ್ಟು ದಿನ ತಿಂಗ್ಳಿಗೊಂದ್ಸಲ ಇತ್ತು. ಈ ವಾರ ಸೊಂಟ ಬಿದ್ದೋತು ನೋಡ್ರಿ."

ಜುಂಜಯ್ಯ ಸಿಟ್ಟು ನುಂಗಿಕೊಂಡು ಕೇಳಿದ. "ಆಫೀಸರಿಗೆ ಗೊತ್ತಾಗಲ್ವ?"

"ಅಯ್ಯೋ, ಪಾಪದ ಮನುಷ್ಯನಂತೆ. ಮರಳು ಮುಟ್ಟಿ ಮುಟ್ಟಿ ನೋಡ್ತಾನಂತೆ, ಸಿಲಿಂಡ್ರು ಕಂಡ್ರೆ ಸಾಕು ಸೈನ್ ಹಾಕ್ತಾನಂತೆ. ಇನ್ಮ್ಯಾಲೆ ಈ ತಾಪತ್ರಯಾನೂ ಇರಲ್ಲ ಬಿಡ್ರಿ. ಸಾಹುಕಾರ್ರು ಆ ಮನುಷ್ಯನ್ನೇ ಕೆಲ್ಸಕ್ಕೆ ತಗಂತಾರಂತೆ. ಹೊಸ ಆಫೀಸರು ಏನ್ ನೋಡ್ತಾನೆ, ಏನ್ ನೋಡಲ್ಲ, ಎಲ್ಲಾ ಆತಂಗೇ ಗೊತ್ತಿರ್ತೈತಲ್ಲ."

ತಿಳಿದೋರು ಬೇಕು ಅಂದಿದ್ದು ಇದಕ್ಕೋ! ಥೂ ನಿನ್ನ, ಅಂತ ಜುಂಜಯ್ಯ ತನಗೆ ತಾನೇ ಉಗಿದುಕೊಂಡ. ಮುದುಕನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಹೊಳಲ್ಕೆರೆಯಲ್ಲಿ ಚಿತ್ತಯ್ಯ ಇಳಿಯುವಾಗ ಸಿಲಿಂಡರಿಗೆ ಒಂದು ಕೈಕೊಟ್ಟು ಇಳಿಸಿದವನೂ ಇವನೇ. ಹಗುರವಾಗಿತ್ತು.

ಸಂಜೆ ಅವನು ಯೂನಿಫಾರಂ ತೊಟ್ಟು ಟೆಂಟಿಗೆ ಬಂದಾಗ ಮಾಲೀಕ ಗೊಲ್ಲಪ್ಪ ಎಳನೀರು ಕೊಚ್ಚಿಸಿಟ್ಟಿದ್ದ. ಮೊದಲ ಆಟಕ್ಕೆ ಜನ ಆಗಲೇ ಸೇರುತ್ತಿದ್ದರು. ಜುಂಜಯ್ಯ ಬಕೆಟ್ಟುಗಳ ಕಡೆ ತಿರುಗಿಯೂ ನೋಡಲಿಲ್ಲ.

"ಆ ಸಿಲಿಂಡರು ಇಳಿಸ್ರಿ."

"ಯಾಕ್ ಸಾರ್? ಹೋದ್ ವರ್ಷ ನೋಡಿದ್ರಲ್ಲ."

"ಇಳಿಸ್ರಿ ಅಂದೆ."

ಇಳಿಸಿದರು. ಜುಂಜಯ್ಯ ಸಿಲಿಂಡರಿನ ತಲೆಯ ಮೇಲಿನ ಒತ್ತುಗುಂಡಿಯನ್ನು ನೆಲಕ್ಕೆ ಗುದ್ದಿ ಅದನ್ನು ತಲೆಕೆಳಗು ಮಾಡಿ ಹಿಡಿದ. ನೀರು ಮೂವತ್ತಡಿ ಚಿಮ್ಮಬೇಕಿತ್ತು. ತುಕ್ಕಿನ ಪುಡಿ ಒಂದಿಷ್ಟು ಉದುರಿತು. ಒಳಗೆ ಗೂಡು ಕಟ್ಟಿದ್ದ ಜಿರಲೆಯೊಂದು ಹೊರಗೆ ಬಂದು ಗೊಲ್ಲಪ್ಪನ ಕಾಲಿನತ್ತ ಓಡಿತು.

"ಸಾರ್, ಅದು ನೋಡಾಕಿಟ್ಟಿರೋದು. ಹಿಂಗೆ ಗುದ್ದಾಕಲ್ಲ" ಅಂದ ಗೊಲ್ಲಪ್ಪ, ನಿಜವಾಗಿಯೂ ನೊಂದುಕೊಂಡು.

"ಆಟ ಬಂದ್. ಹಿರಿಯೂರು, ಹೊಸದುರ್ಗದ್ದೂ ಬಂದ್. ಇದನ್ನ ಜಪ್ತಿ ಮಾಡಿದೀನಿ."

"ಏನ್ ಸಾರ್ ನೀವು! ನಾನು ಓಬಳೇಶಪ್ಪನವ್ರಿಗೆ ಟ್ರಂಕ್ ಕಾಲ್ ಮಾಡ್ತೀನಿ."

"ಮಾಡ್ರಿ. ಜುಂಜಯ್ಯ ಕೆಲಸಕ್ಕೆ ಬರಲ್ವಂತೆ ಅಂತಾನೂ ಹೇಳಿಬಿಡ್ರಿ, ನನಗೊಂದು ಕಾರ್ಡು ಉಳೀತದೆ."

ಆಟ ಇಲ್ಲ ಅಂತ ಗೊತ್ತಾಗಿದ್ದೇ ತಡ, ಜನ ಕೂಗಾಡಲು ಶುರುಮಾಡಿದರು. ಯಾರೋ ಬಕೆಟ್ಟಿಗೆ ಒದ್ದರು. ಗುಂಪನ್ನು ಸೀಳಿಕೊಂಡು ಬಂದವಳು ಗಂಗಕ್ಕ, ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು.

"ಲೇ ಜುಂಜಾ, ಇವತ್ತೇ ಬೇಕಿತ್ತೇನೋ ನಿಂಗೆ? ವಾರವೆಲ್ಲಾ ಕಾದಿದೀನಿ. ಯಾರೋ ದೊಡ್ಡ ಆಫೀಸರು ಬಂದು ಆಟ ನಿಲ್ಸಿದ ಅಂದ್ರು, ಬಂದು ನೋಡಿದ್ರೆ ನೀನು!"

"ಅವ್ವ, ಇದ್ರಾಗೆ ಏನೂ ಇಲ್ಲ. ಖಾಲಿ."

"ಖಾಲಿ ಆದ್ರೆ ತುಂಬ್ಸು. ಇವತ್ತು ಖಾಲಿ ಆತಾ?"

"ಇಲ್ಲ. ಎಂಟು ವರ್ಷದಿಂದ ಖಾಲಿ."

ಗಂಗಕ್ಕ ಸಿಲಿಂಡರನ್ನು ನೋಡಿದಳು, ಮಗನನ್ನು ನೋಡಿದಳು. "ಹೋದ್ ವರ್ಷ ಸೈನ್ ಹಾಕಿದ್ದು ಯಾರು?"

"ನಾನೇ."

"ಅದ್ರ ಹಿಂದಿನ ವರ್ಷ?"

"ನಾನೇ ಕಣವ್ವ."

ಗಂಗಕ್ಕನ ದನಿ ತಗ್ಗಿತು. "ಹೋದ್ ಬ್ಯಾಸಗೇಲಿ ಯಾವನ್ದೋ ಬೀಡಿ ಕಿಡಿ ಹಾರಿ ಗರಿ ಹತ್ಕಂತು. ಹೆಂಗಸ್ರೆಲ್ಲ ಎದ್ದು ಓಡಾಕ್ ಹೊಂಟ್ರು. ನಾನೇ ಸೆರಗು ಹಿಡ್ದು ಕುಂಡ್ರಿಸ್ದೆ. 'ಕುಂತ್ಕಳ್ರೇ, ನನ್ ಮಗ ಸೈನ್ ಹಾಕ್ಯಾನೆ, ಇಲ್ಲಿ ಏನೂ ಆಗಲ್ಲ' ಅಂದೆ. ಯಾರೋ ಕಂಬಳಿ ಹೊಚ್ಚಿ ಬಡ್ದು ಆರಿಸಿದ್ರು."

ಜುಂಜಯ್ಯನಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಗಂಗಕ್ಕ ಸೆರಗಿನ ಗಂಟು ಬಿಚ್ಚಿ ಹುರಿಗಡಲೆಯನ್ನು ಅವನ ಕೈಗೆ ಸುರಿದಳು.

"ಮುಂದಿನ್ ಸಲ ನೆಲಕ್ಕೊಂದು ಟಿಕೀಟ್ ತಗಂಡು ಬಾ. ಒಂದಾಟ ಪೂರ್ತಿ ನನ್ ಪಕ್ಕ ಕುಂತ್ಕ. ಆಮ್ಯಾಕೆ ಸೈನ್ ಹಾಕು" ಅಂದು, ಕಾದು ನಿಂತಿದ್ದ ಹೆಂಗಸರನ್ನು ಕರೆದುಕೊಂಡು ಮನೆ ಕಡೆ ಹೊರಟಳು.